ಸತ್ತ ಕುರಿಗೆ ಏಳೂವರೆ ಸಾವಿರ, ಮಟನ್ ಅಂಗಡಿಗೆ ಎಷ್ಟು?

ಭಾನುವಾರ ಬೆಳಿಗ್ಗೆ ಕುವೆಂಪುನಗರದ ಯಾವ ಮಟನ್ ಅಂಗಡಿ ಮುಂದೆ ನಿಂತರೂ ಕ್ಯೂನಲ್ಲಿ ಎರಡು ಪ್ರಶ್ನೆ ಕಿವಿಗೆ ಬೀಳುತ್ತವೆ. ಕೆಜಿ ಎಂಟುನೂರು ದಾಟಿದ್ದು ಯಾಕೆ ಅನ್ನೋದು ಒಂದು. ಸರ್ಕಾರ ಕುರಿ ಸಾಕೋರಿಗೆ ಲಕ್ಷಗಟ್ಟಲೆ ಕೊಡ್ತಿದೆಯಂತಲ್ಲ, ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಅಂಗಡಿಯವರೇ ಉತ್ತರ ಕೊಡಲಿ. ಎರಡನೆಯದರ ಲೆಕ್ಕ ಸ್ವಲ್ಪ ನೋಡೋಣ.

ಲಕ್ಷಗಟ್ಟಲೆ ಎನ್ನುವುದು ಸುಳ್ಳಲ್ಲ ಸ್ವಾಮಿ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ಗೆ 2021ರಲ್ಲಿ ಹೊಸ ರೂಪ ಕೊಟ್ಟಾಗ, ಕುರಿ-ಮೇಕೆ ತಳಿ ಫಾರಂ ಮಾಡುವವರಿಗೆ ಅರ್ಧ ಬಂಡವಾಳ ಸರ್ಕಾರದ್ದು ಎಂದು ಗೊತ್ತು ಮಾಡಿದರು. 100 ಹೆಣ್ಣು ಕುರಿ, 5 ಟಗರು ಸಾಕಿದರೆ 10 ಲಕ್ಷದವರೆಗೆ ಸಬ್ಸಿಡಿ. 500 ಹೆಣ್ಣು, 25 ಟಗರಾದರೆ 50 ಲಕ್ಷ! ಕೇಳೋಕೆ ಭರ್ಜರಿ. ಆದರೆ ಉಳಿದ ಅರ್ಧ ಬ್ಯಾಂಕ್ ಸಾಲವೋ ಕೈದುಡ್ಡೋ ಆಗಬೇಕು. ಜಮೀನಿನ ಕಾಗದ ಬೇಕು, ಪ್ರಾಜೆಕ್ಟ್ ರಿಪೋರ್ಟ್ ಬೇಕು, ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಮಂದೆಯ ಹಿಂದೆ ನಡೆಯುವವನ ಹತ್ತಿರ ಇದರಲ್ಲಿ ಯಾವುದಿದೆ? ಹಾಗಾಗಿ ಈ ಯೋಜನೆ ಫಾರಂ ಮಾಲೀಕರ ಕೈಗೆ ಎಟುಕಿದಷ್ಟು ಸುಲಭವಾಗಿ ಕುರಿಗಾಹಿಯ ಕೈಗೆ ಎಟುಕುವುದಿಲ್ಲ.

ಕುರಿಗಾಹಿಗೆಂದೇ ಹೆಸರಿಟ್ಟು ರಾಜ್ಯ ಸರ್ಕಾರ 2022ರಲ್ಲಿ ತಂದದ್ದು ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆ. 20 ಕುರಿ, ಒಂದು ಟಗರು. ಘಟಕದ ಬೆಲೆ 1 ಲಕ್ಷ 75 ಸಾವಿರ. ಇದರಲ್ಲಿ ಅರ್ಧ ಸಾಲ, ಕಾಲು ಭಾಗ ಸಬ್ಸಿಡಿ, ಕಾಲು ಭಾಗ ಫಲಾನುಭವಿಯದು. ಅಂದರೆ ನಿಜವಾಗಿ ಸರ್ಕಾರ ಕೊಡುವುದು 43,750 ರೂಪಾಯಿ. ಅಷ್ಟೇ ದುಡ್ಡನ್ನು ಅವನೂ ಹೊಂದಿಸಬೇಕು, 87,500 ಸಾಲವನ್ನೂ ಹೊರಬೇಕು. ಜೊತೆಗೆ ಕುರಿ ಮತ್ತು ಉಣ್ಣೆ ಉತ್ಪಾದಕರ ಸಹಕಾರ ಸಂಘದ ಸದಸ್ಯನಾಗಿರಬೇಕು. ಹೆಸರಿನಲ್ಲಿ ಅಮೃತ ಇದೆ, ಕಂತು ಕಟ್ಟುವಾಗ ರುಚಿ ಬೇರೆ.

ನಮ್ಮ ಕಣ್ಣಿಗೆ ನೇರವಾಗಿ ಉಪಯೋಗಕ್ಕೆ ಬರುವುದು ಅನುಗ್ರಹ ಯೋಜನೆಯೇ. ಕುರಿ-ಮೇಕೆ ಆಕಸ್ಮಿಕವಾಗಿ ಸತ್ತರೆ ಪರಿಹಾರ ಕೊಡುವ ಯೋಜನೆ ಇದು. ನಡುವೆ ನಿಂತುಹೋಗಿತ್ತು. ಸಿದ್ದರಾಮಯ್ಯನವರು 2023ರ ಜುಲೈನಲ್ಲಿ ಮಂಡಿಸಿದ ಬಜೆಟ್ಟಿನಲ್ಲಿ ಮತ್ತೆ ಬಂತು: ಬೆಳೆದ ಕುರಿಗೆ 5,000, ಹಸು-ಎಮ್ಮೆ-ಎತ್ತಿಗೆ 10,000. 2025ರ ಬಜೆಟ್ಟಿನಲ್ಲಿ ಕುರಿಗೆ 7,500, ದನಕ್ಕೆ 15,000 ಎಂದು ಏರಿಸಿದರು. ಒಂದೇ ರಾತ್ರಿ ಹತ್ತು ಕುರಿ ನೀಲಿನಾಲಿಗೆಗೋ ಸಿಡಿಲಿಗೋ ಹೋದವನಿಗೆ ಇದು ಭಿಕ್ಷೆಯಲ್ಲ, ಮತ್ತೆ ಮಂದೆ ಕಟ್ಟಲು ಇರುವ ಒಂದೇ ದಾರಿ.

ಬೋರ್ಡೆಲ್ಲ ಬನ್ನೂರೇ!

ಈಗ ಮಾಂಸದ ವಿಚಾರಕ್ಕೆ ಬನ್ನಿ. ಮೈಸೂರಿನಲ್ಲಿ ಅಂಗಡಿ ಬೋರ್ಡು ಓದಿದರೆ ಎಲ್ಲ ಕಡೆ ಬನ್ನೂರು ಕುರಿಯೇ. ಆ ಬನ್ನೂರು ಇರುವುದು ಇಲ್ಲೇ, ನಮ್ಮ ಜಿಲ್ಲೆಯ ತಿ.ನರಸೀಪುರ ತಾಲ್ಲೂಕಿನಲ್ಲಿ, ಬಸ್ಸು ಹತ್ತಿದರೆ ಗಂಟೆಯೊಳಗೆ ಮುಟ್ಟುವ ಊರು. ಸರ್ಕಾರಿ ಕಡತದಲ್ಲಿ ತಳಿಯ ಹೆಸರು ಮಂಡ್ಯ. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತೊಡೆಗಳು ಲಾಳವನ್ನು ಕವುಚಿಟ್ಟ ಹಾಗೆ. ಕೊಬ್ಬು ಒಂದು ಕಡೆ ಗಂಟು ಕಟ್ಟದೆ ಮಾಂಸದ ನಡುವೆಯೇ ಹರಡಿಕೊಳ್ಳುತ್ತದೆ. ಸಾರಿನ ರುಚಿಗೆ ಅದೇ ಕಾರಣ ಎನ್ನುತ್ತಾರೆ ಬಲ್ಲವರು.

ರುಚಿ ಇದ್ದರೂ ಸಂಖ್ಯೆ ಕರಗುತ್ತಿದೆ. ಕಾಲುವೆ ನೀರು ಬಂದ ಕಡೆ ಕಬ್ಬು, ಭತ್ತ ಬಂತು, ಗೋಮಾಳ ಸೈಟಾಯಿತು. ಮೇಯಲು ಜಾಗವಿಲ್ಲದ ಮೇಲೆ, ಬೇಗ ತೂಕ ಬರುವ ದೊಡ್ಡ ತಳಿಯನ್ನೇ ಕಟ್ಟಿ ಮೇಯಿಸೋಣ ಅಂತ ರೈತ ಹೊರಟರೆ ಅವನ ತಪ್ಪೇನು? ಶುದ್ಧ ತಳಿ ಉಳಿಸಲು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರ್ಕಾರದ ಕುರಿ ಸಂವರ್ಧನಾ ಕೇಂದ್ರವಿದೆ. ಆದರೆ ಸಂವರ್ಧನಾ ಕೇಂದ್ರದಿಂದ ಊರಿನ ಹಟ್ಟಿ ತುಂಬುವುದಿಲ್ಲ. ಈ ತಳಿಯನ್ನೇ ಸಾಕುವವನಿಗೆ ತಲೆಗೆ ಇಷ್ಟು ಎಂದು ಹೆಚ್ಚಿಗೆ ಕೊಟ್ಟರೆ ಮಾತ್ರ ಲೆಕ್ಕ ಸರಿಹೋಗುತ್ತದೆ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಒಟ್ಟು ಕುರಿ 1 ಕೋಟಿ 10 ಲಕ್ಷ ದಾಟಿತ್ತು, ಹಿಂದಿನ ಗಣತಿಗಿಂತ ನೂರಕ್ಕೆ 15ರಷ್ಟು ಜಾಸ್ತಿ. ಆ ಹೆಚ್ಚಳ ನೋಡಿ ಬನ್ನೂರಿಗೂ ಒಳ್ಳೆ ಕಾಲ ಬಂತು ಅಂದುಕೊಳ್ಳಬೇಡಿ.

ಇನ್ನು ಅಂಗಡಿಯವನ ಪಾಡು. ಕಸಾಯಿಖಾನೆ ಬಿಟ್ಟು ಬೇರೆಲ್ಲೂ ಕಡಿಯಬಾರದು ಎಂದು ಕೇಂದ್ರದ 2001ರ ನಿಯಮ ಹೇಳುತ್ತದೆ. ಪಾಲಿಕೆಯ ಕಸಾಯಿಖಾನೆ ಇರುವುದು ಕೆಸರೆಯಲ್ಲಿ, ಕುವೆಂಪುನಗರದಿಂದ ಊರಿನ ಆ ತುದಿಗೆ. ಅಂಗಡಿಯಲ್ಲಿ ಗಾಜು ಹಾಕಬೇಕು, ಫ್ರಿಜ್ ಇಡಬೇಕು, ನೀರು ಬೇಕು, ಲೈಸೆನ್ಸ್ ಬೇಕು. ಬೇಕಾದ್ದೇ, ಯಾರೂ ಬೇಡ ಅನ್ನೊಲ್ಲ. ಅತ್ತ ಮೊಬೈಲ್ ಒತ್ತಿದರೆ ಪ್ಯಾಕ್ ಮಾಡಿದ ಮಟನ್ ಮನೆ ಬಾಗಿಲಿಗೇ ಬರುತ್ತೆ. ಇಷ್ಟಕ್ಕೆಲ್ಲ ಹೊಂದಿಕೊಳ್ಳಬೇಕಾದ ಬೀದಿ ಅಂಗಡಿಗೆ ಸರ್ಕಾರದ್ದೇನು?

2020ರಲ್ಲಿ ಕೇಂದ್ರ 15,000 ಕೋಟಿಯ ಪಶುಸಂಗೋಪನಾ ಮೂಲಸೌಕರ್ಯ ನಿಧಿ ಘೋಷಿಸಿತು. ಮಾಂಸ ಸಂಸ್ಕರಣೆಗೆ ಸಾಲ ತೆಗೆದರೆ ಬಡ್ಡಿಯಲ್ಲಿ ನೂರಕ್ಕೆ 3 ರಿಯಾಯಿತಿ. ಅದು ಕಾರ್ಖಾನೆ ಕಟ್ಟುವವರ ಮಾತು. ಅದೇ ವರ್ಷ ಸಣ್ಣ ಆಹಾರ ಉದ್ದಿಮೆಗಳಿಗೆಂದು ಬಂದ ಕೇಂದ್ರ ಯೋಜನೆಯಲ್ಲಿ ನೂರಕ್ಕೆ 35, ಗರಿಷ್ಠ 10 ಲಕ್ಷ ಸಬ್ಸಿಡಿ ಇಟ್ಟಿದ್ದರು. ಮಟನ್ ಉಪ್ಪಿನಕಾಯಿ ಹಾಕಿ ಬಾಟಲಿಗೆ ತುಂಬುವವರಿಗೆ ಇದು ಹೊಂದುತ್ತದೆ. ತೂಗಿ ಕಡಿದು ಕೊಡುವವನಿಗೆ ಅಲ್ಲ. ತಮಾಷೆ ನೋಡಿ, ಮಾಂಸ ಕೆಡದಂತೆ ಇಡುವ ವಿದ್ಯೆಗೆ ದೇಶವೇ ತಿರುಗಿ ನೋಡುವ ಸಿ.ಎಫ್.ಟಿ.ಆರ್.ಐ. ಇರುವುದು ಇದೇ ಮೈಸೂರಿನಲ್ಲಿ!

ಒಂದು ದೊಡ್ಡ ಫಾರಂಗೆ ಕೊಡುವ 50 ಲಕ್ಷವನ್ನು ಒಂದೊಂದು ಲಕ್ಷದಂತೆ ಒಡೆದರೆ 50 ಅಂಗಡಿಗೆ ಫ್ರಿಜ್ಜು, ಗಾಜಿನ ಪೆಟ್ಟಿಗೆ, ನಲ್ಲಿ ಎಲ್ಲ ಆಗುತ್ತದೆ. ತಿನ್ನುವ ನಮಗೂ ಶುದ್ಧ ಮಾಂಸ. ಈ ಲೆಕ್ಕ ಹಾಕಲು ದೊಡ್ಡ ಅರ್ಥಶಾಸ್ತ್ರಜ್ಞ ಬೇಕಿಲ್ಲ.

ಸಬ್ಸಿಡಿಯೇ ಬೇಡ, ಮಾರುಕಟ್ಟೆ ನೋಡಿಕೊಳ್ಳುತ್ತೆ ಅನ್ನುವವರೂ ಇದ್ದಾರೆ. ನ್ಯೂಜಿಲೆಂಡಿನವರು 1984ರಲ್ಲಿ ಹಾಗೇ ಮಾಡಿದರು. 1982ರಲ್ಲಿ 7 ಕೋಟಿ ಇದ್ದ ಅವರ ಕುರಿ ಈಗ 3 ಕೋಟಿಗೂ ಕೆಳಗೆ. ಉಳಿದವರು ಗಟ್ಟಿಯಾದರು, ನಿಜ. ಆದರೆ ಅಲ್ಲಿ ಕುರಿ ಬಿಟ್ಟ ರೈತ ಹಸು ಕಟ್ಟಿದ, ಗದ್ದೆಯಂಥ ಹುಲ್ಲುಗಾವಲು ಅವನದೇ ಇತ್ತು. ನಮ್ಮ ಕುರಿಗಾಹಿಗೆ ಕುರಿ ಬಿಟ್ಟರೆ ಕೂಲಿ.

ಕಡೆಗೊಂದು ಮಾತು. ನಿಮ್ಮ ನೆಂಟರೋ, ಬಸ್ಸಿನಲ್ಲಿ ಪಕ್ಕ ಕೂತವರೋ ಕುರಿ ಇಟ್ಟವರಾದರೆ ಹೇಳಿ: ಕುರಿ ಸತ್ತರೆ ಹೂಳುವ ಮುಂಚೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ, ಡಾಕ್ಟರಿಂದ ಮರಣೋತ್ತರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ಕಾಗದ ಇಲ್ಲದೆ ಅನುಗ್ರಹದ ದುಡ್ಡು ಕೇಳೋಕೆ ಆಗೊಲ್ಲ.