ಡ್ರೋನ್ ಗಾಗಲ್ ಮತ್ತು ತೆರೆಯ ಮೇಲಿನ ಅಂಕಿಗಳು: ಗಡಿ ಭಾಗದ ಪಾಲಕರು ತಿಳಿದಿರಬೇಕಾದದ್ದು

ಕೋವಾಡ: ಗಡಿ ಭಾಗದ ನಮ್ಮ ಹಳ್ಳಿಗಳಿಗೆ ಡ್ರೋನ್ ಈಗ ಮದುವೆಯ ಚಿತ್ರೀಕರಣಕ್ಕೆ ಮಾತ್ರ ಬರುವ ಯಂತ್ರವಲ್ಲ. ಕೇಂದ್ರ ಸರಕಾರದ ಸ್ವಾಮಿತ್ವ ಯೋಜನೆಯಡಿ 2020ರಿಂದ ಗಾವಠಾಣದ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆಯಲಾಗುತ್ತಿದೆ. ನಮೋ ಡ್ರೋನ್ ದೀದಿ ಯೋಜನೆಯು 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನ್ ನೀಡುವ ಗುರಿ ಹೊಂದಿದೆ. ಇದನ್ನೆಲ್ಲ ಕಂಡ ಮಕ್ಕಳು ಕಣ್ಣಿಗೆ ಗಾಗಲ್ ಕಟ್ಟಿಕೊಂಡು ಡ್ರೋನ್ ಹಾರಿಸುವ ಹಂಬಲ ತೋರುವುದು ಸಹಜವೇ. ಆದ್ದರಿಂದ ಈ ಸಾಧನದ ಬಗೆಯನ್ನು ಪಾಲಕರೂ ಅರಿತಿರುವುದು ಒಳಿತು.

ಡ್ರೋನಿನ ಮುಂಭಾಗದ ಪುಟ್ಟ ಕ್ಯಾಮೆರಾ ಕಂಡ ದೃಶ್ಯವು ರೇಡಿಯೊ ಅಲೆಗಳ ಮೂಲಕ, ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್ ಆವರ್ತನದಲ್ಲಿ, ಗಾಗಲಿನ ಒಳಗಿನ ತೆರೆಗೆ ತಲುಪುತ್ತದೆ. ಹಾರಿಸುವವನಿಗೆ ತಾನೇ ಡ್ರೋನಿನೊಳಗೆ ಕುಳಿತಂತೆ ಭಾಸವಾಗುತ್ತದೆ. ಈ ಅಲೆಗಳು ಗುಡ್ಡ, ದಟ್ಟ ಮರ, ಕಾಂಕ್ರೀಟ್ ಗೋಡೆಗಳನ್ನು ದಾಟಲು ಬಹಳ ತಿಣುಕುತ್ತವೆ. ಹಳೆಯ ಅನಲಾಗ್ ಪದ್ಧತಿಯಲ್ಲಿ ಸಂಕೇತ ಕ್ಷೀಣಿಸಿದಂತೆ ಚಿತ್ರದಲ್ಲಿ ಚುಕ್ಕೆಗಳು ತುಂಬಿ ಮುನ್ಸೂಚನೆ ದೊರೆಯುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಚಿತ್ರ ಸ್ಪಷ್ಟವಾಗಿದ್ದರೂ ಒಮ್ಮೆಲೇ ಸ್ತಬ್ಧವಾಗಬಹುದು.

ದೃಶ್ಯದ ಮೇಲೆಯೇ ಮೂಡುವ ಅಂಕಿಗಳಿಗೆ ಓಎಸ್‌ಡಿ ಎನ್ನುತ್ತಾರೆ. ಅವುಗಳಲ್ಲಿ ನಾಲ್ಕು ಮುಖ್ಯ.

ಮೊದಲನೆಯದು ಬ್ಯಾಟರಿಯ ವೋಲ್ಟೇಜ್. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಕೋಶ ಪೂರ್ಣ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಹಾರಾಟದಲ್ಲಿ ಸುಮಾರು 3.5ಕ್ಕೆ ಇಳಿದರೆ ಮರಳಿ ಇಳಿಸಬೇಕು. ನಾಲ್ಕು ಕೋಶಗಳಿದ್ದರೆ ಇದು 16.8ರಿಂದ 14ರವರೆಗಿನ ಲೆಕ್ಕ. ಮಳೆಗಾಲದ ಪಡುವಣ ಗಾಳಿಯಲ್ಲಿ ಪೂರ್ವಕ್ಕೆ ಸುಲಭವಾಗಿ ಸಾಗಿದ ಡ್ರೋನ್, ಮರಳುವಾಗ ಗಾಳಿಗೆ ಎದುರಾಗಿ ಹೆಚ್ಚು ಶಕ್ತಿ ವ್ಯಯಿಸುತ್ತದೆ. ಆದ್ದರಿಂದ ಅರ್ಧ ಬ್ಯಾಟರಿ ಹೋಗಲು, ಅರ್ಧ ಬ್ಯಾಟರಿ ಬರಲು ಎಂಬ ಲೆಕ್ಕ ಇಲ್ಲಿ ನಡೆಯದು.

ಎರಡನೆಯದು ಎತ್ತರ. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ. ಎಂಟೊಂಬತ್ತು ಮೀಟರ್ ಏರಿದರೆ ಸುಮಾರು 1 ಹೆಕ್ಟೊಪ್ಯಾಸ್ಕಲ್. ಡ್ರೋನಿನ ಒತ್ತಡಮಾಪಕ ಇದನ್ನೇ ಎತ್ತರವಾಗಿ ಪರಿವರ್ತಿಸುತ್ತದೆ. ಆದರೆ ತೆರೆಯ ಮೇಲಿನ ಎತ್ತರವು ಹಾರಿದ ಸ್ಥಳದಿಂದ ಅಳೆದದ್ದು. ಕೆಳಗಿನ ನೆಲದಿಂದ ಅಲ್ಲ. ಹೊಳೆಯ ದಂಡೆಯಿಂದ ಹಾರಿಸಿ 60 ಮೀಟರ್ ಎತ್ತರದಲ್ಲಿ ಗುಡ್ಡದತ್ತ ಸಾಗಿದರೆ, ಅಲ್ಲಿನ ನೆಲ 50 ಮೀಟರ್ ಏರಿದ್ದರೆ, ಉಳಿಯುವ ಅಂತರ ಹತ್ತೇ ಮೀಟರ್. ಅಲ್ಲೊಂದು ಮರವೋ ವಿದ್ಯುತ್ ತಂತಿಯೋ ಇದ್ದರೆ ಅಪಘಾತ ಖಚಿತ.

ಮೂರನೆಯದು ಉಪಗ್ರಹಗಳ ಸಂಖ್ಯೆ ಹಾಗೂ ಮನೆಯ ದಿಕ್ಕು ತೋರುವ ಬಾಣ. ಜಿಪಿಎಸ್ ಇರುವ ಡ್ರೋನ್ ತಾನು ಹೊರಟ ಜಾಗವನ್ನು ಆರಂಭದಲ್ಲಿಯೇ ಗುರುತಿಟ್ಟುಕೊಳ್ಳುತ್ತದೆ. ಸಾಕಷ್ಟು ಉಪಗ್ರಹಗಳು ಸಿಗುವ ಮುನ್ನವೇ ಹಾರಿಸಿದರೆ ಆ ಗುರುತು ತಪ್ಪುತ್ತದೆ. ಆಳೆತ್ತರ ಬೆಳೆದ ಕಬ್ಬಿನಲ್ಲಿ ಡ್ರೋನ್ ಬಿದ್ದರೆ, ತೆರೆಯ ಮೇಲೆ ಕೊನೆಗೆ ಕಂಡ ಅಕ್ಷಾಂಶ-ರೇಖಾಂಶಗಳೇ ಅದನ್ನು ಹುಡುಕಲು ದಾರಿ.

ನಾಲ್ಕನೆಯದು ಸಂಕೇತದ ಬಲ. ಅದು ಕುಸಿಯತೊಡಗಿದ ಕೂಡಲೇ ಹಿಂತಿರುಗಬೇಕು. ಚಿತ್ರ ಕಣ್ಮರೆಯಾಗುವವರೆಗೆ ಕಾಯಬಾರದು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಗಾಗಲ್ ಧರಿಸಿದವನಿಗೆ ಡ್ರೋನಿನ ಮುಂದಿರುವುದಷ್ಟೇ ಕಾಣುತ್ತದೆ. ಪಕ್ಕದಿಂದ ಬರುವ ಹದ್ದು, ಓಡಿಬರುವ ಮಗು, ತನ್ನ ಕಾಲ ಬಳಿಯ ಬಾವಿ ಯಾವುದೂ ಕಾಣದು. ಆದ್ದರಿಂದಲೇ ಅಮೆರಿಕದಲ್ಲಿ ಹವ್ಯಾಸಕ್ಕಾಗಿ ಗಾಗಲ್ ಧರಿಸಿ ಹಾರಿಸುವವನ ಪಕ್ಕದಲ್ಲಿ, ಬರಿಗಣ್ಣಿನಿಂದ ಡ್ರೋನನ್ನು ನೋಡುತ್ತಿರುವ ಇನ್ನೊಬ್ಬ ವೀಕ್ಷಕ ಇರಲೇಬೇಕೆಂಬ ನಿಯಮವಿದೆ. ನಮ್ಮ ಮಕ್ಕಳೂ ಒಬ್ಬಂಟಿಯಾಗಿ ಗಾಗಲ್ ಧರಿಸದಂತೆ ಪಾಲಕರು ನೋಡಿಕೊಳ್ಳಬೇಕು. ಜಾತ್ರೆ, ಸಂತೆ, ಶಾಲೆಯ ಆವರಣದ ಜನಸಂದಣಿಯ ಮೇಲೆ ಹಾರಿಸಲೇಬಾರದು.

ಕಾನೂನನ್ನೂ ತಿಳಿದಿರಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೂ, ವ್ಯಾಪಾರೇತರ ಬಳಕೆಯ 2 ಕಿಲೋವರೆಗಿನ ಮೈಕ್ರೊ ಡ್ರೋನ್‌ಗೂ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಲು ಪೂರ್ವಾನುಮತಿಯೂ ಬೇಡ. ವಿಮಾನ ನಿಲ್ದಾಣಗಳ ಸುತ್ತಲಿನ ನಿರ್ಬಂಧ ಬೇರೆ. ಹಾರಿಸುವ ಮುನ್ನ ಸರಕಾರದ ವಾಯುವಲಯ ನಕಾಶೆ ನೋಡಬೇಕು. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಇದನ್ನೇ ಉದ್ಯೋಗವಾಗಿಸಿಕೊಳ್ಳಲು ಪ್ರಮಾಣಪತ್ರ ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು, ಮಾನ್ಯತೆ ಪಡೆದ ಮಂಡಳಿಯ ಹತ್ತನೇ ತರಗತಿ ಉತ್ತೀರ್ಣವಾಗಿರಬೇಕು, ಅಧಿಕೃತ ಸಂಸ್ಥೆಯಲ್ಲಿ ತರಬೇತಿ ಪಡೆದಿರಬೇಕು. ಹತ್ತನೆಯದನ್ನು ಇಂಥ ಮಾಧ್ಯಮದಲ್ಲಿಯೇ ಓದಿರಬೇಕೆಂಬ ಷರತ್ತು ನಿಯಮದಲ್ಲಿಲ್ಲ. ಕನ್ನಡ ಶಾಲೆಗೆ ಕಳಿಸಿದರೆ ಮಗುವಿನ ಮುಂದಿನ ದಾರಿ ಮುಚ್ಚಿತು ಎಂದು ಅಂಜುವವರು ಇದನ್ನು ಗಮನಿಸಬೇಕು. ಒತ್ತಡ, ವೋಲ್ಟೇಜ್, ಅಲೆ, ಅಕ್ಷಾಂಶ ಇವೆಲ್ಲ ನಮ್ಮ ಮಕ್ಕಳು ಕನ್ನಡದಲ್ಲಿಯೇ ಕಲಿಯುವ ಪಾಠಗಳು. ಗಾಗಲಿನ ತೆರೆಯಲ್ಲಿ ಅಕ್ಷರಗಳು ಇಂಗ್ಲಿಷಿನಲ್ಲಿರಬಹುದು. ಅವುಗಳ ಅರ್ಥವನ್ನು ತಾಯ್ನುಡಿಯಲ್ಲಿ ಗಟ್ಟಿಯಾಗಿ ಅರಿತ ಮಗುವಿಗೆ ಆ ಹತ್ತಾರು ಪದಗಳನ್ನು ಕಲಿಯುವುದು ಒಂದು ವಾರದ ಕೆಲಸ.