ಬರೆಯುವ ಸ್ವರ, ನುಡಿಯುವ ಸ್ವರ

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನ ಕಡೆ ನಾವು ‘ಕುದುರೆ’, ‘ಹೆಸರು’ ಎಂದು ಬರೆದರೂ ಆಡುವುದು ‘ಕುದ್ರೆ’, ‘ಹೆಸ್ರು’ ಎಂದೇ. ಇದನ್ನು ಕೇಳಿ ನಗುವವರುಂಟು. ಆದರೆ ಇದಕ್ಕೂ ನಿಯಮವುಂಟು. ಮೊದಲ ಅಕ್ಷರವು ಗಟ್ಟಿಯಾಗಿ ನಿಲ್ಲುವುದು. ನಡುವಿನ ಹ್ರಸ್ವಸ್ವರವು ಸೊರಗಿ ಹಲವೆಡೆ ಲೋಪವಾಗುವುದು. ‘ಮದ್ದೂರು’ ಎಂಬಲ್ಲಿ ನಡುವಿನ ಊಕಾರವು ದೀರ್ಘವಾದುದರಿಂದ ಉಳಿಯುವುದು.

ರಷ್ಯನ್ ಭಾಷೆಯಲ್ಲಿ ಸ್ವರದ ಅಳಿವು ಉಳಿವುಗಳನ್ನು ನಿರ್ಧರಿಸುವುದು ಆಘಾತ, ಅಂದರೆ ಪದದ ಒಂದು ಸ್ವರದ ಮೇಲೆ ಬೀಳುವ ಬಲ. ಹಾಲಿಗೆ ‘ಮೊಲೊಕೊ’ ಎಂದು ಬರೆದು, ಹೆಚ್ಚುಕಡಿಮೆ ‘ಮಲಕೊ’ ಎಂದು ನುಡಿಯುವರು. ಬಲ ಬಿದ್ದ ಕಡೆಯ ಒಕಾರವೊಂದೇ ಸ್ಪಷ್ಟ. ಉಳಿದೆರಡು ಅಕಾರದತ್ತ ವಾಲುವುವು. ‘ಜಾಮಕ್’ ಕೋಟೆ, ‘ಜಮೋಕ್’ ಬೀಗ. ಎರಡರ ಬರಹವೂ ಒಂದೇ!

ಬರೆದಂತೆ ನುಡಿಯದವರನ್ನು ಕಂಡು ನಗುವ ಮೊದಲು, ಅವರ ನುಡಿಯ ನಿಯಮವನ್ನು ಅರಸೋಣ.