ಉಣ್ಣುವ ಮುನ್ನ ಬೆಲೆ ತಿಳಿಯಲಿ

ಹಸಿದು ಬಂದವನಿಗೆ ಅನ್ನವನ್ನು ತೋರಿಸಿ ಬೆಲೆಯನ್ನು ಮರೆಮಾಡುವುದು ನಮ್ಮ ಭಾಗದ ಪದ್ಧತಿಯಲ್ಲ. ಉತ್ತರ ಕರ್ನಾಟಕದ ಖಾನಾವಳಿಗಳನ್ನು ಬಲ್ಲವರಿಗೆಲ್ಲ ಇದು ಗೊತ್ತಿರುವ ಸಂಗತಿ. ಬಾಗಿಲ ಬಳಿ ಒಂದು ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕೈದು ಸಾಲುಗಳು. ರೊಟ್ಟಿ ಊಟಕ್ಕೆ ಇಷ್ಟು, ಹೆಚ್ಚಿನ ರೊಟ್ಟಿಗೆ ಇಷ್ಟು, ಮೊಸರಿಗೆ ಇಷ್ಟು. ಓದಲು ಬಾರದವರು ಗಲ್ಲಾದ ಮೇಲೆ ಕುಳಿತ ಯಜಮಾನರನ್ನು ಕೇಳಿ ತಿಳಿದುಕೊಂಡು ಕೈತೊಳೆಯಲು ಹೋಗುತ್ತಿದ್ದರು. ಉಂಡ ಮೇಲೆ ವಾದವೂ ಇಲ್ಲ, ಸಂಕೋಚವೂ ಇಲ್ಲ.

ಆ ಕರಿಹಲಗೆಯ ಸ್ಥಾನಕ್ಕೆ ಇಂದು ಮೇಜಿನ ಮೇಲೆ ಅಂಟಿಸಿದ ಕಪ್ಪು-ಬಿಳುಪಿನ ಒಂದು ಚೌಕ ಬಂದಿದೆ. ಕ್ಯೂಆರ್ ಕೋಡ್ ಎಂಬ ಈ ಸಂಕೇತವು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ರೂಪುಗೊಂಡಿತು. ಮೋಟಾರು ವಾಹನದ ಬಿಡಿಭಾಗಗಳ ಲೆಕ್ಕವಿಡುವುದೇ ಅದರ ಮೂಲ ಉದ್ದೇಶವಾಗಿತ್ತು. 2020ರಲ್ಲಿ ಕೊರೊನಾ ಸೋಂಕಿನ ಭಯದಿಂದ ಒಬ್ಬರು ಮುಟ್ಟಿದ ದರಪಟ್ಟಿಯನ್ನು ಇನ್ನೊಬ್ಬರು ಮುಟ್ಟಲು ಅಂಜಿದಾಗ ಅದು ಊಟದ ಮೇಜಿಗೆ ಬಂದಿತು. ಸೋಂಕಿನ ಭಯ ಹೋಯಿತು, ಚೌಕ ಉಳಿಯಿತು.

ನಾವು ಕಂಡ ಒಂದು ದೃಶ್ಯ

ರಾಯಚೂರು ನಗರದ ಒಂದು ಉಪಾಹಾರ ಗೃಹದಲ್ಲಿ ನಾವು ಕುಳಿತಿದ್ದ ಮಧ್ಯಾಹ್ನ, ದೇವದುರ್ಗದ ಕಡೆಯ ವೃದ್ಧ ದಂಪತಿಗಳು ಒಳಗೆ ಬಂದರು. ಆಸ್ಪತ್ರೆಯ ಕಾಗದಗಳ ಚೀಲ ತಾಯಿಯವರ ಮಡಿಲಲ್ಲಿತ್ತು. ಹಿರಿಯರು ಗೋಡೆಯ ನಾಲ್ಕೂ ಕಡೆ ಕಣ್ಣಾಡಿಸಿ, ನೀರು ತಂದಿಟ್ಟ ಹುಡುಗನನ್ನು ಕೇಳಿದರು: "ತಮ್ಮಾ, ಗ್ವಾಡಿ ಮ್ಯಾಲ ರೇಟ್ ಬರ್ದಿಲ್ಲೇನು?" ಹುಡುಗ ಮರ್ಯಾದೆಯಿಂದಲೇ ಉತ್ತರಿಸಿದ: "ಮೊಬೈಲ್‌ನ್ಯಾಗ ಅದ ನೋಡ್ರಿ ಯಜಮಾನ್ರ." ಅವರಲ್ಲಿದ್ದುದು ಗುಂಡಿ ಒತ್ತುವ ಹಳೆಯ ಫೋನು. ಅವರು ಮತ್ತೆ ಕೇಳಲಿಲ್ಲ. ಒಂದೆರಡು ಕ್ಷಣ ಕುಳಿತು, ಲೋಟದ ನೀರು ಕುಡಿದು, ಇಬ್ಬರೂ ಎದ್ದು ಹೊರಟುಬಿಟ್ಟರು.

ನಮ್ಮ ಕೈಯಲ್ಲಿ ಫೋನು ಇತ್ತು. ದರಪಟ್ಟಿ ಅದರಲ್ಲಿ ತೆರೆದುಕೊಂಡೇ ಇತ್ತು. ಓದಿ ಹೇಳಬೇಕೆಂದು ನಮಗೆ ಹೊಳೆಯುವಷ್ಟರಲ್ಲಿ ಅವರು ಬೀದಿಯ ಜನರಲ್ಲಿ ಸೇರಿಹೋಗಿದ್ದರು. ಆ ದಿನದ ಊಟ ನಮಗೆ ರುಚಿಸಲಿಲ್ಲ. ಅದೇ ಕೊರಗಿನಿಂದ ರಾಯಚೂರು, ದೇವದುರ್ಗ, ಮಾನ್ವಿ ಮೂರೂ ಊರುಗಳಲ್ಲಿ ಉಣ್ಣುವವರನ್ನೂ ಉಣಬಡಿಸುವವರನ್ನೂ ಮಾತನಾಡಿಸಿದೆವು.

ಮೂರು ಊರಿನ ಮಾತು

ರಾಯಚೂರಿನ ಕಾಲೇಜು ವಿದ್ಯಾರ್ಥಿಗಳಿಗೆ ಹೊಸ ಪದ್ಧತಿ ಮೆಚ್ಚುಗೆಯಾಗಿದೆ. "ತಲೆಯ ಮೇಲೆ ಯಾರೂ ನಿಂತಿರುವುದಿಲ್ಲ, ನಮ್ಮ ಹಣಕ್ಕೆ ತಕ್ಕದ್ದನ್ನು ಸಾವಕಾಶವಾಗಿ ಆರಿಸಬಹುದು" ಎಂದು ಒಬ್ಬ ವಿದ್ಯಾರ್ಥಿನಿ ಹೇಳಿದಳು. ಈ ಮಾತಿನಲ್ಲಿ ಹುರುಳಿದೆ. ಬೆಲೆ ಕೇಳುವ ಸಂಕೋಚದಿಂದ ಅವಳನ್ನು ಬಿಡಿಸಿದ ಚೌಕವೇ ಆ ಹಿರಿಯರನ್ನು ಅದೇ ಸಂಕೋಚದಲ್ಲಿ ಕೆಡವಿತು. ಮಕ್ಕಳೊಂದಿಗೆ ಬರುವ ಗೃಹಸ್ಥರ ದೂರು ಬೇರೆ: ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ, ತೆರಿಗೆ ಸೇರಿದೆಯೋ ಇಲ್ಲವೋ ತಿಳಿಯುವುದಿಲ್ಲ, ಕೆಲವೊಮ್ಮೆ ಫೋನಿನ ದರ ಒಂದು, ಬಿಲ್ಲಿನ ದರ ಮತ್ತೊಂದು.

ಕೃಷ್ಣೆಯ ಬದಿಯ ದೇವದುರ್ಗದಲ್ಲಿ ನಾವು ಮಾತನಾಡಿಸಿದವರಲ್ಲಿ ಹೆಚ್ಚಿನವರು ಗೋಡೆಯ ಹಲಗೆಯೇ ಸಾಕೆಂದರು. ಸಂತೆಗೆ ಬಂದ ರೈತರೊಬ್ಬರ ಮಾತು ನೇರವಾಗಿತ್ತು: "ಎಷ್ಟ್ ಆಗ್ತದಂತ ಮೊದ್ಲ ಗೊತ್ತಾದ್ರ, ಎಷ್ಟ್ ಉಣಬೇಕಂತ ನಾವ ಲೆಕ್ಕ ಹಾಕ್ತೀವ್ರಿ." ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಮಾನ್ವಿಯಲ್ಲಿ ಮಹಿಳೆಯರು ಇನ್ನೊಂದು ಸಂಗತಿ ತಿಳಿಸಿದರು. ಮನೆಯ ಸ್ಮಾರ್ಟ್ ಫೋನು ಮಗನ ಕೈಯಲ್ಲೋ ಯಜಮಾನರ ಕೈಯಲ್ಲೋ ಇರುತ್ತದೆ. ತಾಯಿಯೂ ಮಗಳೂ ಇಬ್ಬರೇ ಹೋಟೆಲಿಗೆ ಹೋದರೆ ಆ ಚೌಕವು ಮುಚ್ಚಿದ ಬಾಗಿಲಿನಂತೆ. 2011ರ ಜನಗಣತಿಯ ಪ್ರಕಾರ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡಾ 60ರ ಆಸುಪಾಸಿನಲ್ಲಿತ್ತು. ಮಹಿಳೆಯರಲ್ಲಿ ಅರ್ಧಕ್ಕಿಂತಲೂ ಕಡಿಮೆ. ಇಂಥಲ್ಲಿ ದರವನ್ನು ಬಾಯಿಯಿಂದ ಹೇಳುವ ಮನುಷ್ಯನಿಗೆ ಬದಲಿ ಇಲ್ಲ.

ಹೋಟೆಲಿನವರ ಕಷ್ಟವನ್ನೂ ನಾವು ಮರೆಯಲಾಗದು. ಎಣ್ಣೆ, ತರಕಾರಿ, ಅನಿಲ ಸಿಲಿಂಡರಿನ ಬೆಲೆ ಏರಿಳಿದಂತೆಲ್ಲ ಪಟ್ಟಿಯನ್ನು ಮತ್ತೆ ಅಚ್ಚು ಹಾಕಿಸುವುದು ಖರ್ಚಿನ ಬಾಬು. ಮನೆಗೆ ಊಟ ತಲುಪಿಸುವ ಕಂಪನಿಗಳಿಗೆ ದಲ್ಲಾಳಿ ಕೊಡಬೇಕಾದುದರಿಂದ ಅಲ್ಲಿನ ದರ ಹೆಚ್ಚಿಸುತ್ತೇವೆಂದು ಕೆಲವರು ಒಪ್ಪಿಕೊಂಡರು. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ, ಫೋನಿನ ವ್ಯವಹಾರವೇ ಬೇಡವೆಂದು ಅನೇಕರು ಹಿಂಜರಿದದ್ದೂ ಉಂಟು.

ಗ್ರಾಹಕರು ತಿಳಿದಿರಬೇಕಾದುದು

ಸಾಮಾನ್ಯ ಹೋಟೆಲುಗಳ ಊಟಕ್ಕೆ 2017ರ ನವೆಂಬರ್ 15ರಿಂದ ಶೇಕಡಾ 5 ಜಿಎಸ್‌ಟಿ ಇದೆ. ನಾಲ್ವರ ಕುಟುಂಬ 800 ರೂಪಾಯಿಗೆ ಉಂಡರೆ ತೆರಿಗೆ 40 ರೂಪಾಯಿ. ಆದರೆ ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವಹಿವಾಟಿನವರು ಕಾಂಪೊಸಿಷನ್ ಪದ್ಧತಿಯನ್ನು ಆರಿಸಿಕೊಂಡಿದ್ದರೆ, ಆ ತೆರಿಗೆಯನ್ನು ತಾವೇ ಭರಿಸಬೇಕು. ಗ್ರಾಹಕರಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ. ಬಿಲ್ಲಿನ ಮೇಲೆ ಹಾಗೆಂದು ಬರೆದಿರಲೂಬೇಕು.

'ಸೇವಾ ಶುಲ್ಕ' ಎಂಬುದು ತೆರಿಗೆಯಲ್ಲ. ಅದನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು; ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಇನ್ನೊಂದು ಸಂಗತಿಯಲ್ಲಿ ಗ್ರಾಹಕರ ತಿಳಿವಳಿಕೆ ತಪ್ಪಾಗಿರುವುದುಂಟು. ಕುಳಿತು ಉಣ್ಣುವಾಗ ಕೊಡುವ ನೀರಿನ ಬಾಟಲಿಗೆ ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ಪಡೆಯುವುದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2017ರ ಡಿಸೆಂಬರ್‌ನಲ್ಲಿಯೇ ತೀರ್ಪಿತ್ತಿದೆ. ಆದ್ದರಿಂದಲೇ ನೀರಿನ ದರವೂ ಮೊದಲೇ ಕಾಣುವಂತಿರಬೇಕಾದುದು ಅವಶ್ಯ. ಅನ್ಯಾಯವೆನಿಸಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು.

ಹೆಚ್ಚಿಗೆ ಬಂದುದು ಯಾರದು?

ನಮ್ಮ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವು ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ಶರಣ ದಂಪತಿಗಳ ಊರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ನಮ್ಮ ಮನೆಮನೆಗೂ ತಿಳಿದದ್ದೇ. ಸಲ್ಲಬೇಕಾದುದಕ್ಕಿಂತ ಹೆಚ್ಚು ಒಂದು ಕಾಳೂ ಬೇಡ ಎನ್ನುವ ಆ ಲೆಕ್ಕ ಕಾಯಕ ಮಾಡುವವರಿಗೆಲ್ಲ ಅನ್ವಯಿಸುತ್ತದೆ. ಖಾನಾವಳಿ ನಡೆಸುವುದೂ ಕಾಯಕವೇ ಆದ್ದರಿಂದ, ದರವನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಆ ಕಾಯಕದ ಒಂದು ಅಂಗ.

ಕ್ಯೂಆರ್ ಚೌಕವನ್ನು ಕಿತ್ತುಹಾಕಬೇಕೆಂದು ನಾವು ಹೇಳುವುದಿಲ್ಲ. ಅದು ಇರಲಿ; ಆದರೆ ಅದರೊಳಗಿನ ಪಟ್ಟಿ ಕನ್ನಡದಲ್ಲಿಯೂ ಇರಲಿ, ತೆರಿಗೆ ಸೇರಿದ ದರವೇ ಕಾಣಲಿ. ಅದರ ಜೊತೆಗೆ ಬಾಗಿಲ ಬಳಿ ದೊಡ್ಡ ಅಕ್ಷರಗಳ ಒಂದು ಹಲಗೆಯೂ ಇರಲಿ. ಅದಕ್ಕೆ ತಗಲುವ ಖರ್ಚು ಅತ್ಯಲ್ಪ.

ನಮ್ಮ ಓದುಗ ಕುಟುಂಬಗಳಲ್ಲಿಯೂ ಒಂದು ಬಿನ್ನಹ. ಪಕ್ಕದ ಮೇಜಿನಲ್ಲಿ ಹಿರಿಯರು ಗೋಡೆಯತ್ತ ಕಣ್ಣಾಡಿಸುತ್ತಿದ್ದರೆ, ಅವರು ಕೇಳುವವರೆಗೆ ಕಾಯದಿರಿ. ಫೋನು ತೆರೆದು ದರವನ್ನು ಓದಿ ಹೇಳಿರಿ. ಅಂದು ನಾವು ಕ್ಷಣಕಾಲ ತಡಮಾಡಿದ್ದರಿಂದ ಆಸ್ಪತ್ರೆಯಿಂದ ಬಂದ ಎರಡು ಜೀವಗಳು ಬರಿಯ ನೀರು ಕುಡಿದು ಎದ್ದುಹೋದವು.